ಸಂತೆ ದಿನದ ಟೈಪಿಂಗ್ ಟೀಚರ್

ನಮ್ಮ ಟೈಪಿಂಗ್ ಟೀಚರ್ ಅವರ ತೋರುಬೆರಳುಗಳ ತುದಿ ಚಪ್ಪಟೆಯಾಗಿ, ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಒಮ್ಮೆ ತಲೆಗೆ ಮೊಟಕಿದರೆ ಸಂಜೆಯವರೆಗೂ ಉರಿ. ಕೀಲಿ ನೋಡಿಕೊಂಡು ಒತ್ತುವವರಿಗೆ ಆ ಮೊಟಕು ಖಾಯಂ. "ಎಂಥ ಮಾರಾಯ್ತಿ, ಅಕ್ಷರ ಎಲ್ಲಿಗಾದರೂ ಓಡಿಹೋಗ್ತದಾ? ಕಾಗದ ನೋಡು!" ಎಂದು ನಮ್ಮ ಕೈಗಳ ಮೇಲೆ ಟವೆಲ್ ಹೊದಿಸಿಬಿಡುತ್ತಿದ್ದರು. ಸಂಪಾಜೆ ಕಡೆಯವರು. ಮನೆಯಲ್ಲಿ ಆ ಕಡೆಯ ಮಾತಾದ ಅರೆಭಾಷೆ, ಬೈಯುವಾಗ ಎಲ್ಲ ಭಾಷೆ.

ಪೊನ್ನಂಪೇಟೆ ಕಡೆಯ ಆ ಕಮರ್ಷಿಯಲ್ ಹೈಸ್ಕೂಲಿನಲ್ಲಿ ಉಳಿದ ಪಾಠಗಳ ಜೊತೆ ಟೈಪಿಂಗ್, ಲೆಕ್ಕಪತ್ರ ಕಲಿಸುತ್ತಿದ್ದರು. ಸರ್ಟಿಫಿಕೇಟ್ ಪಡೆದವರಿಗೆ ಬ್ಯಾಂಕಿನಲ್ಲೋ ಎಸ್ಟೇಟ್ ಆಫೀಸಿನಲ್ಲೋ ಕೆಲಸ ಸಿಗುತ್ತಿತ್ತು. ಆದರೆ ಶಾಲೆಯೇ ನಡೆಸುವ ಅದರ ಪರೀಕ್ಷೆ ಬರುತ್ತಿದ್ದುದು ಕಾಫಿ ಕೊಯ್ಲಿನ ನಟ್ಟನಡುವೆ. ಯಾವ ಪುಣ್ಯಾತ್ಮ ಇಟ್ಟ ದಿನವೋ! ಪಾಲಿಬೆಟ್ಟದ ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳಾದ ನಾವು ಆಗ ಅಪ್ಪ ಅಮ್ಮನ ಜೊತೆ ಹಣ್ಣು ಕೀಳುವ ಪಿಕಿಂಗಿಗೆ ಹೋಗಲೇಬೇಕಿತ್ತು. ಪರೀಕ್ಷೆ ತಪ್ಪುತ್ತಿತ್ತು, ಶಾಲೆಯೂ ಅಲ್ಲಿಗೆ ಬಿಟ್ಟುಹೋಗುತ್ತಿತ್ತು.

ದಿನ ಬದಲಿಸಿ ಎಂದು ಟೀಚರ್ ಹೆಡ್‌ಮಾಸ್ಟರರ ಬಳಿ ಜಗಳವಾಡಿ ಸೋತರು. ಆಮೇಲೆ ಶಾಲೆ ಬಿಟ್ಟ ನಮಗಾಗಿ ಭಾನುವಾರ ಟೈಪಿಂಗ್ ಕೋಣೆ ತೆರೆದಿಟ್ಟರು. ಅದು ಲೈನಿನವರಿಗೆಲ್ಲ ರಜೆ, ಸಂತೆಯ ದಿನ. ಸಂತೆ ಚೀಲ ಬಾಗಿಲಲ್ಲಿಟ್ಟು ಒಳಗೆ ಹೋಗುತ್ತಿದ್ದೆವು. ಕಾಫಿ ಹಣ್ಣು ಕಿತ್ತು ಕಪ್ಪಾಗಿ ಅಂಟಂಟಾದ ನಮ್ಮ ಬೆರಳುಗಳಿಗೆ ಅವರೇ ತೆಂಗಿನೆಣ್ಣೆ ಹಚ್ಚಿ, ಹಳೇ ಸೀರೆ ತುಂಡಿನಿಂದ ಒರೆಸುತ್ತಿದ್ದರು. "ನಿಮ್ಮ ಮೇಲೆ ಪ್ರೀತಿಯಲ್ಲ, ಮೆಷಿನ್ ಹಾಳಾಗ್ತದೆ" ಎನ್ನುತ್ತಿದ್ದರು. ನಾವು ನಂಬುತ್ತಿರಲಿಲ್ಲ.

ನಾನು ಇವತ್ತು ಎಸ್ಟೇಟ್ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಿರುವುದು ಆ ಭಾನುವಾರಗಳ ದೆಸೆಯಿಂದ. ಮ್ಯಾನೇಜರು ಸರ್ಟಿಫಿಕೇಟ್ ಕೇಳಲಿಲ್ಲ, ಒಂದು ಪುಟ ಟೈಪ್ ಮಾಡಿಸಿ ನೋಡಿದರು, ಅಷ್ಟೇ.

ಸರ್ಟಿಫಿಕೇಟ್ ಕೇಳಿದ್ದು ಹಳೆಯ ವಿದ್ಯಾರ್ಥಿಗಳ ಸಂಘ. ನಿವೃತ್ತರಾಗಿದ್ದ ಟೀಚರಿಗೆ ಸನ್ಮಾನ ಎಂದು ಸಭೆ ಕರೆದಿದ್ದರು. ಟೀಚರೇ ಫೋನ್ ಮಾಡಿ "ನೀನೂ ಬಾ, ಸದಸ್ಯೆ ಆಗು" ಎಂದಿದ್ದರು. ಹೋದೆ. ಬಾಗಿಲಲ್ಲೇ ಕಾರ್ಯದರ್ಶಿ ನಯವಾಗಿ ಹೇಳಿದರು, "ಪಾಸಾದವರು ಮಾತ್ರ ಮೇಡಂ. ಬೇಕಾದರೆ ಊಟ ಮಾಡಿಕೊಂಡು ಹೋಗಿ." ನನಗೆ ಮೈಯೆಲ್ಲ ಉರಿಯಿತು. ಆದರೂ ಹಿಂದಿನ ಕುರ್ಚಿಯಲ್ಲಿ ಕೂತೆ.

ವೇದಿಕೆಯಲ್ಲಿ ಶಾಲು ಹೊದಿಸಿ ಗೌರವ ಸದಸ್ಯತ್ವ ಕೊಡಲು ಬಂದಾಗ ಟೀಚರ್ ಕೈ ಅಡ್ಡ ಹಿಡಿದು ನನ್ನ ಕಡೆ ತೋರಿಸಿದರು. "ಅವಳನ್ನು ಸೇರಿಸಿಕೊಂಡಿರಾ?"

"ನಿಯಮ ಇದೆ ಟೀಚರ್" ಎಂದರು ಕಾರ್ಯದರ್ಶಿ.

"ಕೊಯ್ಲಿನಲ್ಲಿ ಪರೀಕ್ಷೆ ಇಟ್ಟದ್ದು ನಾವು. ತಪ್ಪು ನಮ್ಮದು. ಅವರ ಹತ್ತಿರ ಈಗ ಸರ್ಟಿಫಿಕೇಟ್ ಕೇಳ್ತೀರಾ? ನಾಚಿಕೆ ಆಗೋದಿಲ್ವಾ ನಿಮಗೆ?"

 ಯಾರೋ ಮುಂದಿನ ಮೀಟಿಂಗಿನಲ್ಲಿ ನೋಡೋಣ ಎಂದರು. "ಹಾಗಾದರೆ ಶಾಲೂ ಆಗಲೇ ನೋಡುವ" ಎಂದು ಟೀಚರ್ ಕೆಳಗಿಳಿದು ಬಂದು ನನ್ನ ಪಕ್ಕ ಕೂತರು. ಊಟಕ್ಕೂ ನಿಲ್ಲದೆ ನನ್ನ ಜೊತೆ ಬಸ್ ಹತ್ತಿದರು.

ಆ ಮುಂದಿನ ಮೀಟಿಂಗು ಬರಲೇ ಇಲ್ಲ. ಕಳೆದ ವರ್ಷ ಟೀಚರ್ ತೀರಿಕೊಂಡರು. ಸಂಘ ಈಗ ಶಾಲೆಯ ಚರಿತ್ರೆಯ ಪುಸ್ತಕ ತಂದಿದೆ, ಚೆನ್ನಾಗಿಯೇ ಇದೆ. ಕೊನೆಯಲ್ಲಿ ಸದಸ್ಯರ, ಗೌರವ ಸದಸ್ಯರ ಹೆಸರುಗಳಿವೆ. ಅದರಲ್ಲಿ ನಾನಿಲ್ಲ, ಟೀಚರೂ ಇಲ್ಲ. ಒಂದು ಶಾಲು ಹೊದ್ದುಕೊಂಡಿದ್ದರೆ ಅವರು ಒಳಗಿರುತ್ತಿದ್ದರು. ನಮ್ಮ ಜೊತೆ ಹೊರಗೇ ಉಳಿದರು.