ಮೂಲೆಯಲ್ಲೊಂದು ಬೆರಳು

ಲಿಫ್ಟಣ್ಣ ತೀರಿಕೊಂಡ ಮೇಲೆ ಗೋಡೆಗೆ ಹಾಕಲು ಅವನದೊಂದು ಫೋಟೋ ಬೇಕೆಂದು ಹುಡುಕಿದರೆ, ಮನೆಯಲ್ಲಿ ಸಿಕ್ಕಿದ್ದು ಒಂದೇ ಒಂದು. ಹಿಂದೆ ವೀಸಾಕ್ಕೆಂದು ತೆಗೆಸಿದ್ದು. ನಗಬಾರದೆಂದು ಸ್ಟುಡಿಯೋದವನು ಗದರಿಸಿದ್ದರಿಂದ ಅದರಲ್ಲಿ ಅವನು ಯಾರದೋ ಮನೆಗೆ ಕನ್ನ ಹಾಕಿ ಸಿಕ್ಕಿಬಿದ್ದವನ ಹಾಗೆ ಕಾಣುತ್ತಾನೆ.

"ಇವರ್ಯಾರೋ ನನಗೆ ಗೊತ್ತಿಲ್ಲಪ್ಪ," ಎಂದು ಹೆಂಡತಿ ಅದನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿಬಿಟ್ಟಳು.

ಉಳಿದವರು ಮುಖ ಮುಖ ನೋಡಿಕೊಂಡರು. ಹಿಂದೊಮ್ಮೆ ಇದೇ ಕಷ್ಟ ಬಂದಿದ್ದು ಅವಳಿಗೆ ನೆನಪಿತ್ತು.

ಅವನು ಲಿಫ್ಟ್ ರಿಪೇರಿ ಮಾಡುವವನು. ಯಾವ ಕಟ್ಟಡಕ್ಕೆ ಹೋದರೂ ಲಿಫ್ಟಿನ ಗೋಡೆಗೆ ಕಿವಿಯಿಟ್ಟು, "ಪಾಪ, ಇದಕ್ಕೆ ಮಂಡಿನೋವು," ಎನ್ನುತ್ತಿದ್ದ. ಜೊತೆಯಲ್ಲಿ ನಿಂತವರು ಮುಂದಿನ ಮಹಡಿಯಲ್ಲೇ ಇಳಿದು ಮೆಟ್ಟಿಲು ಹಿಡಿಯುತ್ತಿದ್ದರು. ಎಲ್ಲದರಲ್ಲೂ ಮೂಗು ತೂರಿಸುವ ಸ್ವಭಾವ. ತನ್ನ ಮದುವೆಯಲ್ಲೇ, "ಹಾಗಲ್ಲ ಕಣಯ್ಯ, ಕೊಡು ಇಲ್ಲಿ," ಎಂದು ಫೋಟೋದವನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡವನು ಆಮೇಲೆ ಅದನ್ನು ಬಿಡಲೇ ಇಲ್ಲ.

ಹೊರದೇಶದ ದೊಡ್ಡ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನೋಡಿಕೊಳ್ಳುವ ಕೆಲಸ ಸಿಕ್ಕಿದಾಗ ಅವನ ವೀಸಾ ಸಲೀಸಾಗಿ ಬಂತು. ಹೆಂಡತಿ, ಮಗಳದು ಸಿಕ್ಕಿಹಾಕಿಕೊಂಡಿತು. "ನೀವು ಮೊದಲು ಹೋಗಿ, ನಾವು ಆಮೇಲೆ ಬರ್ತೀವಿ," ಎಂದಳು ಹೆಂಡತಿ.

"ಆಗಲ್ಲ," ಎಂದ. ಅವನ ಅಪ್ಪ ಹಡಗಿನ ಕೆಲಸದವನು. "ನನಗೆ ಅಪ್ಪ ಅಂದ್ರೆ ಗೋಡೆ ಮೇಲಿನ ಫೋಟೋ. ಬೆಳಿಗ್ಗೆ ಎದ್ದು ಅದಕ್ಕೇ ಹೋಗಿಬರ್ತೀನಿ ಅಂತ ಹೇಳಿ ಸ್ಕೂಲಿಗೆ ಹೋಗ್ತಿದ್ದೆ. ನನ್ನ ಮಗಳು ಹಾಗೆ ಮಾಡೋದು ಬೇಡ. ಹೋದ್ರೆ ಮೂರು ಜನ, ಇಲ್ದಿದ್ರೆ ಯಾರೂ ಇಲ್ಲ."

ಇಲ್ಲಿನ ಕೆಲಸಕ್ಕೆ ಆಗಲೇ ರಾಜೀನಾಮೆ ಕೊಟ್ಟಾಗಿತ್ತು. ಅಷ್ಟರಲ್ಲಿ ವೀಸಾ ಕಚೇರಿಯಿಂದ ಕರೆ ಬಂತು: ಮದುವೆಯ ಸರ್ಟಿಫಿಕೇಟ್ ಒಂದೇ ಸಾಲದು, ಒಟ್ಟಿಗೆ ಸಂಸಾರ ಮಾಡಿದ್ದಕ್ಕೆ ಹಲವು ವರ್ಷದ ಫೋಟೋ ತನ್ನಿ.

"ಅಷ್ಟೇನಾ! ರಾಶಿ ಇವೆ," ಎಂದು ಆಲ್ಬಮ್ ಬಿಚ್ಚಿದ. ಹೆಂಡತಿ ಬಾಗಿಲಲ್ಲಿ, ಹೆಂಡತಿ ಸಮುದ್ರದ ಎದುರು, ಹೆಂಡತಿಯ ತೊಡೆಯ ಮೇಲೆ ಮಗಳು. ತಿರುವಿದಂತೆಲ್ಲ ಅವನ ಮುಖ ಸಣ್ಣದಾಯಿತು.

"ಇದನ್ನ ನೋಡಿದ್ರೆ ನನಗೆ ಗಂಡಾನೇ ಇಲ್ಲ ರೀ," ಎಂದಳು ಹೆಂಡತಿ. "ಪ್ರತಿ ಫೋಟೋಗೂ ಬೆರಳು ಬೇರೆ ಅಡ್ಡ ಇಟ್ಟಿದ್ದೀರಿ. ಒಂದಾದ್ರೂ ನೆಟ್ಟಗಿದ್ಯಾ?"

ನಿಜ. ಯಾವಾಗಲೋ ಲಿಫ್ಟಿನ ಬಾಗಿಲಿಗೆ ಸಿಕ್ಕಿ ತುದಿ ಸೊಟ್ಟಗಾಗಿದ್ದ ಎಡಗೈಯ ತೋರುಬೆರಳು ಎಲ್ಲ ಚಿತ್ರಗಳ ಮೂಲೆಯಲ್ಲೂ ಮಬ್ಬಾಗಿ ಇಣುಕುತ್ತಿತ್ತು.

ಕೆಳಮನೆಯ ದರ್ಜಿ ಉಪಾಯ ಹೇಳಿಕೊಟ್ಟ. "ತಲೆ ಯಾಕೆ ಕೆಡಿಸ್ಕೋತೀಯ? ನನ್ನ ಹತ್ರ ಗಿರಾಕಿಗಳ ಬಟ್ಟೆ ಬೇಕಾದಷ್ಟಿದೆ. ಬದಲಾಯಿಸ್ತಾ ಹೋಗು, ನಾನು ಫೋಟೋ ಹೊಡೀತೀನಿ. ಸಂಜೆಯೊಳಗೆ ಐದು ವರ್ಷದ ಸಂಸಾರ ರೆಡಿ."

ಆ ಮಧ್ಯಾಹ್ನ ಲಿಫ್ಟಣ್ಣ ಬ್ಯಾಂಕ್ ಮ್ಯಾನೇಜರನ ಕೋಟು ತೊಟ್ಟ, ಯಾರದೋ ಮದುಮಗನ ಅಂಗಿ ತೊಟ್ಟ. ಪೊಲೀಸ್ ಪ್ಯಾಂಟಿಗೂ ಕೈ ಹಾಕಿದ್ದ, ದರ್ಜಿಯೇ ಕೈ ಮುಗಿದು ತಪ್ಪಿಸಿದ. ಹೆಂಡತಿ ಬೇಡ ಬೇಡವೆನ್ನುತ್ತಲೇ ಸೀರೆ ಬದಲಾಯಿಸಿ, ಮಗಳನ್ನು ನಡುವೆ ನಿಲ್ಲಿಸಿಕೊಂಡಳು.

ಕಚೇರಿಯ ಕ್ಯೂನಲ್ಲಿ ಮಗಳು ಆ ಫೋಟೋಗಳನ್ನು ಒಂದೊಂದಾಗಿ ನೋಡಿ ಎಲ್ಲರಿಗೂ ಕೇಳುವಂತೆ ಕೂಗಿದಳು: "ಅಮ್ಮಾ, ಐದು ವರ್ಷದಿಂದ ನನಗೆ ಮುಂದಿನ ಹಲ್ಲೇ ಬಂದಿಲ್ವಾ?"

ಹಿಂದೆ ನಿಂತವರು ಕಿಸಕ್ಕೆಂದರು. ಹೆಂಡತಿಯ ಮುಖ ಕೆಂಪಾಯಿತು. ಫೋಟೋಗಳನ್ನು ಕಿತ್ತುಕೊಂಡು ಹರಿದು ಚೀಲದ ತಳಕ್ಕೆ ತುರುಕಿದಳು. "ಸುಳ್ಳು ಹೇಳಿ ಹೋಗೋ ದೇಶ ನಮಗೆ ಬೇಡ. ಆಲ್ಬಮ್ಮೇ ಕೊಡ್ತೀನಿ. ನೀವು ಮಾತ್ರ ಬಾಯಿ ಬಿಡಬೇಡಿ."

ಗಾಜಿನಾಚೆ ಕೂತಿದ್ದ ಮೇಡಂ ಆಲ್ಬಮ್ ಪೂರ್ತಿ ತಿರುವಿದರು. "ನಿಮ್ಮ ಗಂಡ ಎಲ್ಲಿ?"

"ಇಲ್ಲೇ ಇದ್ದೀನಲ್ಲ ಮೇಡಂ," ಎಂದ ಬಾಯಿ ಬಿಡಬಾರದವನು.

"ಫೋಟೋದಲ್ಲಿ ಕೇಳ್ತಿದ್ದೀನಿ. ಒಂದರಲ್ಲೂ ಇಲ್ವಲ್ಲ. ಹೀಗಾದ್ರೆ ಹೇಗೆ ನಂಬೋದು?" ಆಲ್ಬಮ್ ಮುಚ್ಚತೊಡಗಿದರು.

ಹೆಂಡತಿ ಲಿಫ್ಟಣ್ಣನ ಎಡಗೈ ಹಿಡಿದೆಳೆದು ಗಾಜಿಗೆ ಒತ್ತಿದಳು.

"ಇದೇ ನೋಡಿ ಮೇಡಂ ನನ್ನ ಗಂಡ! ಎಲ್ಲದ್ರಲ್ಲೂ ಇದ್ದಾರೆ. ಬೈದು ಬೈದು ಸಾಕಾಗಿದೆ ನನಗೆ. ಸಮುದ್ರ ನೋಡೋಕೆ ಹೋದ್ರೂ ಇದೇ ಬೆರಳು, ಮಗು ಹುಟ್ಟಿದಾಗ್ಲೂ ಇದೇ ಬೆರಳು!"

ಮೇಡಂ ಕನ್ನಡಕ ಸರಿಮಾಡಿಕೊಂಡು ಮತ್ತೆ ಮೊದಲ ಪುಟ ತೆರೆದರು. ಮದುವೆಯ ಫೋಟೋ: ಹೆಂಡತಿಯ ಪಕ್ಕದ ಕುರ್ಚಿ ಖಾಲಿ, ಮೂಲೆಯಲ್ಲಿ ಸೊಟ್ಟ ತುದಿ. ಗಾಜಿನ ಮೇಲಿನ ಬೆರಳು ನೋಡಿದರು. ಪುಟ ತಿರುವಿದರು. ಮತ್ತೆ ಬೆರಳು ನೋಡಿದರು. ಸಮುದ್ರದ ಫೋಟೋಗೆ ಬರುವ ಹೊತ್ತಿಗೆ ಅವರ ಭುಜ ಕುಲುಕತೊಡಗಿತ್ತು. ಪಕ್ಕದ ಕೌಂಟರಿನವರನ್ನೂ ಕರೆದು ತೋರಿಸಿದರು.

"ಒಂದು ನಿಮಿಷ ಹಾಗೇ ಹಿಡ್ಕೊಂಡಿರಿ," ಎಂದು ನಗು ತಡೆದುಕೊಳ್ಳುತ್ತ ಠಸ್ಸೆ ಎತ್ತಿಕೊಂಡರು. "ಅಲ್ಲಿ ಹೋದ ಮೇಲಾದ್ರೂ ಕ್ಯಾಮೆರಾ ಬೇರೆಯವರ ಕೈಗೆ ಕೊಡಿ."

"ಖಂಡಿತ ಮೇಡಂ," ಎಂದ. ಕೊಡಲಿಲ್ಲ. ಮೂವರೂ ಒಂದೇ ವಿಮಾನದಲ್ಲಿ ಹೋದರು, ವರ್ಷಗಳ ಮೇಲೆ ಮೂವರೂ ಒಟ್ಟಿಗೇ ಮರಳಿದರು, ಅದೇ ಬೆರಳಿನ ಇನ್ನಷ್ಟು ಆಲ್ಬಮ್‌ಗಳೊಂದಿಗೆ. ಮಗಳು ಬೆಳಿಗ್ಗೆ ಹೋಗಿಬರ್ತೀನಿ ಎಂದರೆ, ಒಳಗಿನಿಂದ "ಛತ್ರಿ ತಗೊಂಡ್ಯಾ?" ಎಂದು ಕೂಗಲು ಅವನಿರುತ್ತಿದ್ದ.

ಈಗ ಅವರ ಹಜಾರದ ಗೋಡೆಯ ಮೇಲೆ ಸಮುದ್ರದ ಆ ಫೋಟೋ ಇದೆ. ಗಾಳಿಗೆ ಸೆರಗು ಹಾರಿ ಹೆಂಡತಿ ನಗುತ್ತಿದ್ದಾಳೆ, ಮರಳಿನಲ್ಲಿ ಮಗಳು ಕೂತಿದ್ದಾಳೆ. ಬಂದವರು, "ಅವರದು ಫೋಟೋ ಹಾಕಿಲ್ವಾ?" ಎಂದು ಕೇಳಿದರೆ ಹೆಂಡತಿ ಮೂಲೆಯ ಮಬ್ಬನ್ನು ತೋರಿಸುತ್ತಾಳೆ.

"ಇದ್ದಾರಲ್ಲ," ಎನ್ನುತ್ತಾಳೆ. "ಅಡ್ಡ."