ಮೂರನೇ ಪ್ರಕಟಣೆ

ನನ್ನ ಮೊಮ್ಮಗಳಿಗೆ ದೀಕ್ಷಾಸ್ನಾನವಾದ ದಿನ ಅವಳನ್ನು ಚರ್ಚಿನ ಅಯ್ಯನವರ ಕೈಗೆ ಕೊಟ್ಟವಳು ನಾನಲ್ಲ, ನನ್ನ ನಾದಿನಿ. ಆ ಸಂತೋಷ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ, ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಪೆನ್ನು ಹಿಡಿದು ಕೂತಿದ್ದೇನೆ. ಕಾಗುಣಿತ ತಪ್ಪಿದರೆ ತಪ್ಪಲಿ. ಆದರೆ ಸಂತೋಷ ಬರೆಯಬೇಕಾದರೆ ಮೊದಲು ನನ್ನ ಪಾಪವನ್ನು ಬರೆಯಬೇಕು.

ಎಪ್ಪತ್ತರ ದಶಕದ ಶುರು. ತುಮಕೂರು ಕಡೆಯಿಂದ ಮದರಾಸಿಗೆ ಬಂದವರು ನಾವು. ಯಜಮಾನರು ರೈಲ್ವೆಯಲ್ಲಿ, ನಾನು ಗಿಂಡಿಯ ಒಂದು ಬಟ್ಟೆ ಕಾರ್ಖಾನೆಯಲ್ಲಿ. ಮೂರು ವರ್ಷದ ಮಗಳನ್ನು ನೋಡಿಕೊಳ್ಳುತ್ತಿದ್ದವಳು ಯಜಮಾನರ ತಂಗಿ. ಮಗು ಉಣ್ಣುವುದು, ನಿದ್ದೆ ಮಾಡುವುದು ಎಲ್ಲ ಅವಳ ಮಡಿಲಲ್ಲೇ. ಅಷ್ಟರಲ್ಲಿ ಅವಳಿಗೆ ಬಳ್ಳಾರಿಯ ಒಬ್ಬ ಮೇಷ್ಟರ ಸಂಬಂಧ ಗೊತ್ತಾಯಿತು. ಹುಡುಗನ ತಾಯಿ ಸೀರೆ ತೆಗೆಯಲು ಬಂದಾಗ ನಾನೇ ಪುರಸೈವಾಕ್ಕಂಗೆ ಕರೆದುಕೊಂಡು ಹೋದೆ. ಅಂಗಡಿಯವನು ಬಿಳಿ ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿ ಹಾಕುತ್ತಿದ್ದ.

“ಹುಡುಗಿ ಆರೋಗ್ಯವಾಗಿದ್ದಾಳಲ್ಲಮ್ಮಾ?” ಎಂದು ಆ ತಾಯಿ ಸುಮ್ಮನೆ ಮಾತಿಗೆ ಕೇಳಿದರು.

ಆ ವರ್ಷದ ಶುಭ ಶುಕ್ರವಾರ ನಾದಿನಿ ನೀರೂ ಮುಟ್ಟದೆ ಉಪವಾಸವಿದ್ದು, ಮೂರು ಗಂಟೆಗಳ ಆರಾಧನೆಯಲ್ಲಿ ಸೆಕೆ ತಡೆಯಲಾರದೆ ಬೆಂಚಿನಿಂದ ಜಾರಿ ಬಿದ್ದಿದ್ದಳು. ಸೋಡಾ ಕುಡಿಸಿದೆವು, ಎದ್ದು ಕೂತಳು. ಅಷ್ಟೇ ನಡೆದದ್ದು. ಆದರೆ ಇವಳು ಹೋದರೆ ಮಗು ಯಾರ ಕೈಗೆ, ನನ್ನ ಕೆಲಸದ ಗತಿ ಏನು ಎಂದು ಎಷ್ಟೋ ದಿನದಿಂದ ಒಳಗೇ ಕುದಿಯುತ್ತಿದ್ದೆ.

“ಚೆನ್ನಾಗೇ ಇದ್ದಾಳೆ. ಆಗಾಗ ಜ್ಞಾನ ತಪ್ಪಿ ಬೀಳ್ತಾಳೆ, ಅದೊಂದೇ. ಚರ್ಚಲ್ಲೂ ಬಿದ್ದಿದ್ಲು, ಬೇಕಾದ್ರೆ ಯಾರನ್ನಾದ್ರೂ ಕೇಳಿ” ಎಂದುಬಿಟ್ಟೆ.

ಕೇಳಿದ್ದರೆ ಎಲ್ಲರೂ ಹೌದೆನ್ನುತ್ತಿದ್ದರು. ಅದೇ ಅದರ ವಿಷ. ಆ ತಾಯಿಯ ಕೈ ಸೀರೆಯ ಮೇಲೆ ಹಾಗೇ ನಿಂತಿತು. ಏನೂ ಕೊಳ್ಳದೆ ಎದ್ದರು. ಊರು ಸೇರಿ ಬೇಡವೆಂದು ಹೇಳಿ ಕಳಿಸಿದರು, ಕಾರಣ ತಿಳಿಸಲಿಲ್ಲ. ನಾದಿನಿ ಒಂದು ವಾರ ಮಂಕಾಗಿದ್ದು, ಮತ್ತೆ ನನ್ನ ಮಗಳಿಗೆ ಜಡೆ ಹಾಕತೊಡಗಿದಳು. ಬೇರೆ ಸಂಬಂಧ ಬರಲೇ ಇಲ್ಲ. ನನ್ನ ಮಾತು ಎಲ್ಲೆಲ್ಲಿ ಓಡಾಡಿತ್ತೋ ದೇವರಿಗೇ ಗೊತ್ತು.

ಆಮೇಲೆ ಆರಾಧನೆಯಲ್ಲಿ ನಾನು ಅಳದ ಭಾನುವಾರವಿಲ್ಲ. “ಎಂಥಾ ಭಕ್ತಿ!” ಎನ್ನುತ್ತಿದ್ದರು ಪಕ್ಕದವರು. ಭಕ್ತಿಯೂ ಅಲ್ಲ, ಪಶ್ಚಾತ್ತಾಪವೂ ಅಲ್ಲ, ಸಿಕ್ಕಿಬೀಳುವ ಭಯ.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಮಗಳಿಗೆ ಮದುವೆ ನಿಶ್ಚಯವಾಯಿತು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಸಭೆಯ ಮುಂದೆ ಗಂಡು ಹೆಣ್ಣಿನ ಹೆಸರು ಓದುತ್ತಾರೆ. “ಈ ಮದುವೆಗೆ ಅಡ್ಡಿ ಏನಾದರೂ ಇದ್ದರೆ ತಿಳಿದವರು ಹೇಳಬೇಕು” ಎಂದು ಅಯ್ಯನವರು ಕೇಳಿ, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ಮೊದಲನೇ ಭಾನುವಾರ ಆ ಪ್ರಶ್ನೆ ನನ್ನನ್ನೇ ಕೇಳಿದಂತಾಯಿತು. ಒಬ್ಬಳ ಮದುವೆಗೆ ಅಡ್ಡಿಯಾದವಳು ನಾನು, ಇಲ್ಲೇ ಕೂತಿದ್ದೇನೆ! ಎರಡನೇ ಭಾನುವಾರ ಅದೇ ಗಳಿಗೆಯಲ್ಲಿ ನಾದಿನಿಯ ಕಡೆ ನೋಡಿದೆ. ಮಗಳ ಹೆಸರು ಕೇಳಿ ಅವಳ ಮುಖ ಅರಳಿತ್ತು, ತಲೆ ಅರ್ಧ ಬೆಳ್ಳಗಾಗಿತ್ತು. ಅವತ್ತು ಮೊದಲ ಸಲ ನನಗಾಗಿ ಅಲ್ಲ, ಅವಳಿಗಾಗಿ ಅತ್ತೆ.

ಮೂರನೇ ಭಾನುವಾರ ಪ್ರಭು ಭೋಜನವೂ ಇತ್ತು, ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಆರಾಧನೆ. ಹೇಳದೆ ಹೇಗೆ ಆ ರೊಟ್ಟಿಗೆ ಕೈ ಚಾಚಲಿ? ಹೇಳಿದರೆ ಅವಳು ಮನೆ ಬಿಟ್ಟು ಹೋದರೆ? ಮಗಳಿಗೆ ತಾಯಿಯಂತಿದ್ದ ಅತ್ತೆಯೇ ಮದುವೆಯಲ್ಲಿ ಇಲ್ಲವಾದರೆ? ಒಂದು ವಾರ ಅನ್ನ ಇಳಿಯಲಿಲ್ಲ. “ಎನ್ನಾಮ್ಮಾ ಆಚು? ಮದುವೆ ನಂಗಾ, ನಿಂಗಾ?” ಏನಾಯ್ತಮ್ಮಾ ಎಂದು ಮಗಳು ತಮಿಳು ಬೆರೆಸಿ ಅಣಕಿಸಿದಳು.

ಶನಿವಾರ ಬೆಳಿಗ್ಗೆ ನಾದಿನಿ ಹೊರಗಿನ ಜಗಲಿಯಲ್ಲಿ ಮಗಳ ಮುಸುಕಿಗೆ ಲೇಸ್ ಹಚ್ಚುತ್ತಿದ್ದಳು. ಎದುರಿಗೆ ಕೂತು, ಪುರಸೈವಾಕ್ಕಂ ಅಂಗಡಿಯ ಮಾತು ಒಂದೂ ಬಿಡದೆ ಹೇಳಿದೆ. ಸೂಜಿ ನಿಂತಿತು.

“ಸೋಡಾ ಕುಡಿಸಿದ್ದು ನೀವೇ ಅಲ್ವಾ ಅತ್ತಿಗೆ?”

“ನಾನೇ ಕಣೇ.”

“ನಂದೇ ಏನೋ ಕುಂದು ಅಂದ್ಕೊಂಡಿದ್ದೆ. ಇಷ್ಟು ವರ್ಷ.”

ಹಲ್ಲಿನಿಂದ ದಾರ ಕಡಿದು, ಮುಸುಕು ಮಡಿಸಿಟ್ಟು ಒಳಗೆ ಹೋದಳು. ಭಾನುವಾರ ಚರ್ಚಿಗೆ ಒಬ್ಬಳೇ ಮುಂದಾಗಿ ನಡೆದಳು. ಯಾವಾಗಲೂ ನನ್ನ ಪಕ್ಕ ಕೂರುವವಳು ಹಿಂದಿನ ಬೆಂಚಿಗೆ ಹೋದಳು.

ಅಯ್ಯನವರು ಮೂರನೇ ಸಲ ಓದಿದರು. “ಅಡ್ಡಿ ಏನಾದರೂ ಇದ್ದರೆ...” ಎಂದು ನಿಲ್ಲಿಸಿದರು. ಹಿಂದೆ ಬೆಂಚು ಕಿರ್ರೆಂದಿತು. ತಿರುಗಿದರೆ ನಾದಿನಿ ಎದ್ದು ನಿಂತಿದ್ದಾಳೆ! ಮಗಳು ನನ್ನ ತೋಳು ಹಿಂಡಿದಳು. ಹೇಳಲಿ, ಎಲ್ಲರೂ ಕೇಳಲಿ ಎಂದು ನಾನು ತಲೆ ತಗ್ಗಿಸಿದೆ.

“ಅಡ್ಡಿ ಏನೂ ಇಲ್ಲ ಅಯ್ಯನೋರೇ. ಈ ಮಗೂನ ಸಾಕಿದೋಳು ನಾನು, ಹೇಳ್ತಿದ್ದೀನಿ.”

ಅಯ್ಯನವರು ಕನ್ನಡಕ ಸರಿಮಾಡಿಕೊಂಡರು. “ಇಲ್ಲ ಅನ್ನೋಕೂ ಎದ್ದು ನಿಲ್ಬೇಕೇನಮ್ಮಾ? ನನ್ನ ಜೀವಾನೇ ಹೋಗಿತ್ತು!” ಸಭೆ ಗೊಳ್ಳೆಂದಿತು. ನಾನೊಬ್ಬಳೇ ಅಳುತ್ತಿದ್ದೆ.

ಭೋಜನಕ್ಕೆ ಕರೆದಾಗ ನಾನು ಏಳದೆ ಕೂತೇ ಇದ್ದೆ. ನಾದಿನಿ ಬಂದು ಮೊಣಕೈ ಹಿಡಿದಳು. “ಕ್ಷಮಿಸಿದ್ದೀನಿ ಅಂತ ಇವತ್ತು ಬಾಯಲ್ಲಿ ಬರ್ತಿಲ್ಲ ಅತ್ತಿಗೆ. ಬಂದಾಗ ಹೇಳ್ತೀನಿ. ಈಗ ಏಳಿ, ಪ್ರಭು ಕರೀತಿದ್ದಾನೆ.” ಇಬ್ಬರೂ ಒಟ್ಟಿಗೆ ಮೊಣಕಾಲೂರಿದೆವು. ಆ ತುಂಡು ರೊಟ್ಟಿ ಯೋಗ್ಯಳಾದವಳಿಗೆ ಸಿಗುವ ಬಹುಮಾನವಲ್ಲ, ಹಸಿದವಳಿಗೆ ಕೊಡುವ ಊಟ ಎಂದು ಆ ವಯಸ್ಸಿನಲ್ಲಿ ನನಗೆ ತಿಳಿಯಿತು.

ದೀಕ್ಷಾಸ್ನಾನದ ದಿನ ತಲೆಗೆ ನೀರು ಬಿದ್ದದ್ದೇ ತಡ, ಮೊಮ್ಮಗಳು ಚರ್ಚು ಹಾರಿಹೋಗುವಂತೆ ಕಿರುಚಿದಳು. ನಾದಿನಿ ಒದ್ದೆ ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿ, ಕಿವಿಯ ಹತ್ತಿರ ಬಾಗಿದಳು.

“ಇವತ್ತು ಬಂತು ಅತ್ತಿಗೆ, ಆ ಮಾತು” ಎಂದಳು.

ದೇವರಿಗೆ ಸ್ತೋತ್ರ! ಕೂಸಿನ ಜೊತೆ ನಾನೂ ಜೋರಾಗಿ ಅತ್ತೆ.