ರಾಯಿಕೋಡ್ ನಾಕಾ ದಾಟಿದವನು

ಕಣ್ಣಾರೆ ಕಾಣದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಯಾರಾದರೂ ದೆವ್ವದ ಕತೆ ಹೇಳಿದರೆ, ಇದರಿಂದ ಇವನಿಗೇನು ಲಾಭ ಎಂದು ಮುಖ ನೋಡುವವನು ನಾನು. ಆದರೂ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದೇನಿಲ್ಲ, ನಾನೇ ಪೂರ್ತಿ ನಂಬಿಲ್ಲ.

ನಿಜಾಮರ ಆಳ್ವಿಕೆಯ ಕಾಲ. ಹುಡುಗರಿಗೆಂದು ಮೂರು ದಿನದ ಸೈಕಲ್ ಪಂದ್ಯ ಇಟ್ಟಿದ್ದರು. ತಾಂಡೂರಿನಿಂದ ಜಹೀರಾಬಾದ್, ಮರುದಿನ ನಾರಾಯಣಖೇಡ್, ಆಮೇಲೆ ಕಲ್ಹೇರ್. ಗೆದ್ದವನಿಗೆ ಹೊಸ ಸೈಕಲ್. ನಮ್ಮೂರು ಬಶೀರಾಬಾದ್; ಮುಂದೆ ಓದಲು ಶಾಲೆ ಇದ್ದದ್ದು ತಾಂಡೂರಿನಲ್ಲಿ. "ಸೈಕಲ್ ತಂದ್ರ ಸಾಲಿಗಿ ಹೋಗು, ಇಲ್ಲಂದ್ರ ಅಂಗಡ್ಯಾಗ ಕೂಡು" ಎಂದಿದ್ದರು ಅಪ್ಪ. ಸೋದರಮಾವನ ಹಳೆಯ ಸೈಕಲ್ ಏರಿ ಹೊರಟೆ. ಮೊದಲ ದಿನ ನಾನೇ ಮುಂದೆ. ನನ್ನ ಹಿಂದೆ ಬಂದವನು ನಮ್ಮ ಓಣಿಯ ವೀರೇಶ.

ಎರಡನೆಯ ದಿನ, ಯಾರೂ ಹೊಲದ ಅಡ್ಡದಾರಿ ಹಿಡಿಯದಿರಲೆಂದು, ರಾಯಿಕೋಡಿನ ಸುಂಕದ ನಾಕಾದಲ್ಲಿ ಪ್ರತಿಯೊಬ್ಬರ ಮುಂಗೈಗೆ ನೀಲಿ ಮೊಹರು ಒತ್ತುವ ಏರ್ಪಾಡಿತ್ತು. ನಾಕಾ ಇನ್ನೂ ದೂರವಿರುವಾಗಲೇ ನನ್ನ ಸೈಕಲ್ ಪಂಕ್ಚರ್ ಆಯಿತು. ರಸ್ತೆ ಬಿಟ್ಟು ಬಾವಿ ಕಟ್ಟೆಗೆ ಹೋಗಿ, ಟ್ಯೂಬು ನೀರಲ್ಲಿ ಅದ್ದಿ, ತೂತು ಹುಡುಕಿ ತೇಪೆ ಹಾಕುವಷ್ಟರಲ್ಲಿ ಎಲ್ಲರೂ ದಾಟಿಹೋಗಿದ್ದರು. ನಾಕಾ ತಲುಪಿ ಕೈ ಚಾಚಿದರೆ ಮೊಹರು ಒತ್ತುವ ಜವಾನ ರೇಗಿದ.

"ಮತ್ಯಾಕ ಬಂದಿ? ಎಲ್ಲರಕಿಂತ ಮೊದಲ ನಿನಗೇ ಮೊಹರ ಹೊಡದೀನಲ್ಲ!"

ಕೈ ತೋರಿಸಿದೆ. ಗುರುತೇ ಇರಲಿಲ್ಲ. ಬೆವರಿಗೆ ಅಳಿಸಿರಬೇಕು ಎಂದು ಗೊಣಗಿ, ಮತ್ತೆ ಮೊಹರು ಒತ್ತಿ ನನ್ನನ್ನು ಅಟ್ಟಿದ.

ನಾರಾಯಣಖೇಡವನ್ನು ವೀರೇಶ ಮೊದಲು ಮುಟ್ಟಿದ್ದ. ಅವನದೂ ಅದೇ ಮಾತು. ನಾಕಾ ದಾಟಿದ ಮೇಲೂ ನಾನು ಅವನ ಮುಂದೆಯೇ ಇದ್ದೆನಂತೆ, ಒಂದು ತಿರುವಿನಲ್ಲಿ ಕಾಣದಾದೆನಂತೆ. ಪಂದ್ಯದ ತೀರ್ಪು ಹೇಳುವ ಪಂಚರು ಅನುಮಾನದಿಂದ ನನ್ನತ್ತ ತಿರುಗಿದರು. ನನ್ನಂತೆಯೇ ಕಾಣುವ ಇನ್ನೊಬ್ಬನನ್ನು ಸೈಕಲ್ ಮೇಲೆ ಮುಂದೆ ಕಳಿಸಿ ನಾನು ನಡುದಾರಿಯಲ್ಲಿ ದಣಿವಾರಿಸಿಕೊಂಡೆನೆಂದು ಅವರ ತರ್ಕ. ವೀರೇಶನೇ ಜವಾನನನ್ನು ಬುಟ್ಟಿಗೆ ಹಾಕಿಕೊಂಡು ಆಟ ಹೂಡಿದ್ದಾನೆಂದು ನನ್ನ ತರ್ಕ. ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಆಣೆ ಮಾಡಿದೆ. ವೀರೇಶನೂ ತನ್ನ ಲಿಂಗ ಹಿಡಿದು ಆಣೆ ಮಾಡಿದ. ನಮ್ಮಲ್ಲಿ ಲಿಂಗ ಮುಟ್ಟಿ ಯಾರೂ ಸುಳ್ಳಾಡುವುದಿಲ್ಲ.

"ನಿಮ್ಮ ದೇವ್ರು ಒಬ್ಬನೇ, ಸಾಕ್ಷಿ-ಗವಾಹಿ ಮಾತ್ರ ಎರಡಾತಲ್ಲಪ್ಪ" ಎಂದು ಹಿರಿಯ ಪಂಚರು ತಲೆಯಾಡಿಸಿ, ನನ್ನನ್ನು ಪಂದ್ಯದಿಂದ ಹೊರಹಾಕಿದರು.

ಮರುದಿನ ಕಲ್ಹೇರ್‌ನಲ್ಲಿ ಸೈಕಲ್ ವೀರೇಶನದಾಯಿತು, ತಾಂಡೂರಿನ ಶಾಲೆಯೂ ಅವನದಾಯಿತು. ನಾನು ಅಂಗಡಿಯಲ್ಲಿ ಕುಳಿತೆ. ಅವನು ಬೆಳಿಗ್ಗೆ ಗಂಟೆ ಬಾರಿಸುತ್ತ ಹೋಗುವಾಗೆಲ್ಲ ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನು ಬಂತು. ಅವನೊಂದಿಗೆ ಮಾತು ಬಿಟ್ಟೆ.

ಎಷ್ಟೋ ವರ್ಷಗಳ ಮೇಲೆ, ಮಾಸ್ತರಿಕೆ ಮುಗಿಸಿ ಊರಿಗೆ ಮರಳಿದ ವೀರೇಶ ಒಂದು ಮಧ್ಯಾಹ್ನ ಅಂಗಡಿಗೆ ಬಂದ. ಇಬ್ಬರ ತಲೆಯೂ ನೆರೆತಿತ್ತು.

"ಈಗರೇ ಖರೇ ಹೇಳೋ. ಆ ಜವಾನಗ ಏನ್ ಹೇಳಿಕೊಟ್ಟಿದ್ದಿ?" ಎಂದೆ.

"ನಾನೇ ನಿನಗ ಕೇಳಾಕ ಬಂದೀನಿ" ಎಂದ ಅವನು. "ಆ ತಿರುವಿನ್ಯಾಗ ನೀ ಹೊಳ್ಳಿ ನೋಡಿ, 'ನಾ ಬರಂಗಿಲ್ಲ, ಸಾಲಿಗಿ ನೀನೇ ಹೋಗು' ಅಂದಿದ್ದಿ. ಯಾಕ ಹಂಗಂದಿ?"

ಸುಳ್ಳು ಹೇಳುತ್ತಿದ್ದಾನೆಯೇ ಎಂದು ಅವನ ಮುಖ ನೋಡಿದೆ. ಅವನೂ ನನ್ನ ಮುಖವನ್ನು ಹಾಗೆಯೇ ನೋಡುತ್ತಿದ್ದ.